ಇಪ್ಪತ್ಮೂರನೇ ಕಂಬದ ನೊಣ

ನೊಣದ ಹೊಟ್ಟೆಯನ್ನು ಓದುವ ಯಂತ್ರ ಬಂದ ಮೇಲೆ ನಮ್ಮ ತಾಲೂಕಿನಲ್ಲಿ ಯಾರೂ ಬಹಳ ದಿನ ಕಾಣೆಯಾಗಿ ಉಳಿಯುತ್ತಿರಲಿಲ್ಲ.

ಅದರ ಕೆಲಸ ಸರಳ. ಊರಿಗೊಂದು ಕಂಬ. ಕಂಬದ ತಲೆಯಲ್ಲಿ ಕೊಳೆತ ಮಾಂಸದ ವಾಸನೆಯ ಬತ್ತಿ, ಅದರ ಕೆಳಗೆ ಗಾಳಿ ಎಳೆಯುವ ಕೊಳವೆ. ನೊಣ ಬಂದು ಬೀಳುತ್ತದೆ. ಒಳಗಿನ ಕ್ಯಾಮೆರಾ ಅದರ ಚಿತ್ರ ತೆಗೆದು ಯಾವ ಗುಂಪಿನದೆಂದು ವಿಂಗಡಿಸುತ್ತದೆ. ಬೆಳಿಗ್ಗೆ ಜೀಪಿನವರು ಡಬ್ಬಿಗಳನ್ನು ಕೇಂದ್ರಕ್ಕೆ ತರುತ್ತಾರೆ. ಹೊಟ್ಟೆಯಲ್ಲಿರುವ ರಕ್ತವೋ ಕೀವೋ ಯಾವ ಜೀವಿಯದು, ಎಷ್ಟು ಹೊತ್ತಿನದು ಎಂದು ಮೂರು ತಾಸಿನಲ್ಲಿ ತಿಳಿಯುತ್ತದೆ.

ಕಾಡುಪ್ರಾಣಿಗಳನ್ನು ಎಣಿಸಲೆಂದು ಮಾಡಿದ ಯಂತ್ರವಿದು. ಕಾಡೇ ಇಲ್ಲದ ನಮ್ಮ ಸೀಮೆಗೆ ಬಂದಾಗ ಜನ ತಮಗೆ ಬೇಕಾದಂತೆ ಬಳಸಿಕೊಂಡರು. ಕಳುವಾದ ಟಗರು ಯಾರ ಮನೆಯಲ್ಲಿ ಸಾರಾಯಿತೆಂದು ಕೇಳಲು ಬಂದರು. ಊರಿಗೆಲ್ಲ ಆಚಾರ ಹೇಳುತ್ತಿದ್ದ ಹಿರಿಯರೊಬ್ಬರ ಹಿತ್ತಲಿನ ನೊಣದಲ್ಲಿ ಕೋಳಿ ಸಿಕ್ಕಿತು. ನೊಣ ಪಕ್ಕದ ಮನೆಯಲ್ಲಿ ಉಂಡು ತಮ್ಮಲ್ಲಿಗೆ ಕೈ ತೊಳೆಯಲು ಬಂದದ್ದೆಂದು ಅವರು ಸಭೆಯಲ್ಲಿ ವಾದಿಸಿದರು. ಆಮೇಲೆ ಜನ ಬಾಚಣಿಗೆ ತರತೊಡಗಿದರು. ಕಾಣೆಯಾದವರ ಕೂದಲಿನ ಗುರುತು ನೊಣದ ಹೊಟ್ಟೆಯಲ್ಲಿರುವುದಕ್ಕೆ ತಾಳೆಯಾದರೆ, ಆ ನೊಣ ಶವನೊಣಗಳ ಗುಂಪಿನದಾಗಿದ್ದರೆ, ಅದೇ ದಿನ ಮರಣ ಸೂಚನೆ ಹೊರಡುತ್ತದೆ. ಪೊಲೀಸರು ಹುಡುಕುವುದನ್ನು ನಿಲ್ಲಿಸುತ್ತಾರೆ. ಜನ ಅದನ್ನು ನೊಣದ ಕಾಗದ ಎನ್ನುತ್ತಾರೆ. ಹೆಣ ಸಿಗದ ಮನೆಗಳಲ್ಲಿ ಸತ್ತವನ ಬಟ್ಟೆಯಲ್ಲಿ ಆ ಕಾಗದ ಸುತ್ತಿ ಮಣ್ಣು ಮಾಡುವ ಪದ್ಧತಿಯೂ ಆಗಲೇ ಬಂದಿತ್ತು.

ಸೂಚನೆಗೆ ಕೀಟಶಾಸ್ತ್ರ ಓದಿದವರೊಬ್ಬರ ಸಹಿ ಬೇಕೆಂದು ನಿಯಮ. ಆ ಸಹಿ ನನ್ನದು. ನಾನು ನೀಲಾಂಬಿಕಾ.

ವಿಶ್ವವಿದ್ಯಾಲಯದಲ್ಲಿ ನಾನು ಆರು ವರ್ಷ ಎರಡು ರೆಕ್ಕೆಯ ಕೀಟಗಳನ್ನು ಓದಿದೆ. ಉಳಿದ ಬಹುಪಾಲು ಕೀಟಗಳಿಗೆ ನಾಲ್ಕು ರೆಕ್ಕೆ. ಇವಕ್ಕೆ ಎರಡೇ. ಹಿಂದಿನ ಜೋಡಿ ಸಣ್ಣ ಗುಂಡುಗಳಾಗಿ ಕುಗ್ಗಿ, ಹಾರುವಾಗ ಮೈ ವಾಲದಂತೆ ನೋಡಿಕೊಳ್ಳುತ್ತದೆ. ಜನ ಒಂದೇ ಮಾತಿನಲ್ಲಿ ನೊಣ ಎಂದುಬಿಡುತ್ತಾರೆ. ಜೇನಿನ ವೇಷ ಹಾಕಿ ಹೂವಿನೆದುರು ಗಾಳಿಯಲ್ಲಿ ನಿಲ್ಲುವವು ಅದರಲ್ಲಿವೆ. ಹಾರುವ ಕೀಟವನ್ನು ಹಾರುತ್ತಲೇ ಹಿಡಿದು ಹೀರುವವು, ಕಣ್ಣುಗಳು ಎರಡು ಕಡ್ಡಿಯ ತುದಿಯಲ್ಲಿರುವವು, ಇರುವೆಯ ತಲೆಯೊಳಗೆ ಬೆಳೆಯುವವು, ಬಚ್ಚಲ ಗೋಡೆಯ ಮೇಲೆ ಪುಟ್ಟ ಪತಂಗದಂತೆ ಕೂರುವವು. ಒಂದೂವರೆ ಲಕ್ಷ ಬಗೆಗೆ ಹೆಸರಿಟ್ಟಿದ್ದಾರೆ, ಹೆಸರಿಲ್ಲದವು ಇನ್ನೂ ಹೆಚ್ಚು. ಸೊಳ್ಳೆಯೂ ಇದೇ ಕುಲ. ಎರಡು ವರ್ಷದ ಹಿಂದೆ ಒಂದು ಸೊಳ್ಳೆ ಕಡಿದು, ಹನ್ನೊಂದು ದಿನ ಜ್ವರ ಬಂದು, ನನ್ನ ಗಂಡ ಶಂಭುಲಿಂಗ ತೀರಿಕೊಂಡ. ಅವನಿಗೆ ಇಪ್ಪತ್ತೊಂಬತ್ತು.

ಆ ಮೇಲೆ ಯಾವ ಕಾಗದಕ್ಕೆ ಸಹಿ ಮಾಡುವಾಗಲೂ ನನ್ನ ಕೈ ನಡುಗಿಲ್ಲ. ಅದನ್ನು ನಾನು ಒಳ್ಳೆಯ ಗುಣವೆಂದೇ ತಿಳಿದಿದ್ದೆ.

ಬುಧವಾರ ಬೆಳಿಗ್ಗೆ ಕಿಟಕಿಗೆ ಇಬ್ಬರು ಹೆಂಗಸರು ಬಂದರು. ಕುರಿ ಕಾಯುವವರ ಮನೆಯವರು. ಅತ್ತೆ ಲಾಯವ್ವ, ಸೊಸೆ ಭೌರವ್ವ. ಲಾಯವ್ವನ ಮಗ ಮಾಳಿಂಗರಾಯ ಸೋಮವಾರ ಕುರಿ ಹೊಡೆದುಕೊಂಡು ಹಳೇ ಗಣಿಗಳ ಕಡೆ ಹೋಗಿದ್ದ. ಸಂಜೆ ಕುರಿಗಳು ಬಂದವು, ಅವನು ಬರಲಿಲ್ಲ. ನೆಲಕ್ಕೆ ಹಾಸುವ ಪರ್ಸಿಕಲ್ಲು ತೆಗೆದು ಕೈಬಿಟ್ಟ ಗಣಿಗಳು ಆ ಸೀಮೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಇವೆ. ಪೊಲೀಸರು ಒಂದು ದಿನದಲ್ಲಿ ಹತ್ತು ಹನ್ನೆರಡು ನೋಡಿ ಮುಗಿಸಿದ್ದರು.

ಲಾಯವ್ವ ಸೆರಗಿನ ಗಂಟು ಬಿಚ್ಚಿ ಬಾಚಣಿಗೆ ಕೊಟ್ಟಳು.

"ಇದು ಅವರ ಒಬ್ಬರದ ಹೌದಲ್ರಿ? ಮನ್ಯಾಗ ಮತ್ಯಾರೂ ಬಳಸಂಗಿಲ್ಲಲ್ಲ?" ಎಂದು ಕೇಳಿದೆ. ಕೇಳಲೇಬೇಕಾದ ಪ್ರಶ್ನೆ ಅದು.

"ಅವನದ. ಯಾರಿಗೂ ಮುಟ್ಟಗೊಡೂದಿಲ್ಲ. ತಲ್ಯಾಗ ನಾಕ ಕೂದಲಾ ಉಳದಾವು, ಅದಕ್ಕೊಂದು ಬಾಚಣಿಗಿ, ಮ್ಯಾಲೊಂದು ಕನ್ನಡಿ."

"ಸಾಕ್ರಿ ಅತ್ತಿ," ಎಂದಳು ಭೌರವ್ವ. ಅಳುವಿನ ನಡುವೆಯೇ ಅವಳ ತುಟಿ ಒಂದಿಷ್ಟು ಅಲುಗಿತು.

ಗುರುವಾರ ಬೆಳಿಗ್ಗೆ ಇಪ್ಪತ್ಮೂರನೇ ಕಂಬದ ಒಂದು ನೊಣದಲ್ಲಿ ತಾಳೆ ಸಿಕ್ಕಿತು. ಹೊಳೆಯುವ ನೀಲಿ ಹಸಿರು ಮೈ, ದಪ್ಪ ತಲೆ. ಯಂತ್ರ ಅದನ್ನು ಶವನೊಣಗಳ ಗುಂಪಿಗೆ ಹಾಕಿತ್ತು. ಹನ್ನೊಂದು ಗಂಟೆಗೆ ಸಹಿ ಮಾಡಿ, ನಾನೇ ಕಿಟಕಿಯ ಹತ್ತಿರ ಹೋಗಿ ಹೇಳಿದೆ. ಭೌರವ್ವ ಅಲ್ಲೇ ಕುಸಿದು ಕುಳಿತಳು. ಲಾಯವ್ವ ನಿಂತೇ ಇದ್ದಳು.

"ಅದನ್ನ ತೋರಸ್ರಿ," ಎಂದಳು.

"ಏನನ್ನ?"

"ಆ ನೊಣಾನ್ನ. ನನ್ನ ಮಗನ ಮ್ಯಾಲ ಕುಂತದ್ದು ಯಾವುದು, ನಾ ನೋಡತೀನಿ."

ನಾಲ್ಕುನೂರಕ್ಕೂ ಹೆಚ್ಚು ಮನೆಯವರು ಈ ಕಿಟಕಿಗೆ ಬಂದು ಹೋಗಿದ್ದರು. ನೊಣ ತೋರಿಸಿ ಎಂದು ಯಾರೂ ಕೇಳಿರಲಿಲ್ಲ.

"ತೋರಸೂ ನಿಯಮ ಇಲ್ರಿ ಅಮ್ಮಾ."

"ನಾ ನೋಡಿದ್ರ ಅದೇನು ಸವೀತೈತೇನು?"

ನಾನು ಕಿಟಕಿ ಮುಚ್ಚಿದೆ.

ಸಂಜೆ ಮನೆಯಲ್ಲಿ ನನ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನನಗೂ ಅವರಿಗೂ ಈಗ ಬೇರೆ ಯಾರೂ ಇಲ್ಲ. ದಿನವೂ ನಾನು ಚಪ್ಪಲಿ ಬಿಡುವಾಗಲೇ ಅವರು "ಇವತ್ತು ಯಾರು?" ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ಅವತ್ತು ಲಾಯವ್ವ ಕೇಳಿದ್ದನ್ನೂ ಹೇಳಿದೆ.

ಅವರು ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದರು. "ತೋರಸಿದ್ರ ನಿಂದೇನ ಹೋಗತಿತ್ತು?"

"ನಿಯಮ ಐತ್ರಿ."

"ನಿಯಮ," ಎಂದರು ಅವರು. "ಶಂಭೂನ್ನ ಐ.ಸಿ.ಯು.ದೊಳಗ ಇಟ್ಟಾಗ ನನಗೂ ಹಂಗ ಅಂದಿದ್ರು. ಗಾಜಿನಿಂದ ನೋಡ್ರಿ ಅಂದ್ರು. ಗಾಜಿನಾಗ ನನ್ನ ಮಾರಿನ ಕಾಣಸತಿತ್ತು."

ಉಂಡು ಮಲಗಿದೆ. ನಿದ್ದೆ ಬರಲಿಲ್ಲ. ಎರಡು ವರ್ಷಗಳಿಂದ ನನಗೆ ಹಾಸಿಗೆಗೆ ಬಿದ್ದ ಕೂಡಲೇ ಕಲ್ಲಿನಂಥ ನಿದ್ದೆ.

ಶುಕ್ರವಾರ ಏಳಕ್ಕೇ ಕೇಂದ್ರಕ್ಕೆ ಹೋದೆ. ಕಪಾಟಿನಿಂದ ಆ ಡಬ್ಬಿ ತೆಗೆದು ನೊಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆ ಹೆಂಗಸು ನೋಡಬೇಕೆಂದದ್ದನ್ನು ನಾನೂ ಒಮ್ಮೆ ನೋಡೋಣ ಎನಿಸಿತ್ತು, ಅಷ್ಟೇ. ಸಹಿ ಮಾಡುವಾಗ ನಾನು ನೋಡುತ್ತಿದ್ದುದು ಯಂತ್ರದ ಪರದೆ. ನೊಣವನ್ನಲ್ಲ.

ಈ ಜಾತಿಯ ನೊಣಗಳ ರೆಕ್ಕೆಯ ಬುಡದಲ್ಲಿ ಎಳ್ಳಿಗಿಂತ ಸಣ್ಣದೊಂದು ಪೊರೆ ಇರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಶವನೊಣಕ್ಕೆ ಅದು ಹೊಗೆ ಹಿಡಿದಂತೆ ಕಂದು. ಇದಕ್ಕೆ ಬಿಳಿ. ಮೇಣದಂಥ ಬಿಳಿ.

ತಲೆಯೆತ್ತಿ, ಕಣ್ಣು ಒರೆಸಿಕೊಂಡು, ಮತ್ತೆ ನೋಡಿದೆ. ಬಿಳಿ.

ಈ ನೊಣ ನನಗೆ ಗೊತ್ತಿತ್ತು. ಶವನೊಣದ ಒಡಹುಟ್ಟು, ನೋಡಲು ಅದರಂತೆಯೇ. ನಡತೆ ಮಾತ್ರ ತಿರುಗಾಮುರುಗಾ. ಹೆಣ್ಣು ನೊಣ ಬದುಕಿರುವ ಪ್ರಾಣಿಯ ಗಾಯ ಹುಡುಕಿ ಅದರ ಅಂಚಿನಲ್ಲಿ ಮೊಟ್ಟೆ ಇಡುತ್ತದೆ. ಹುಳುಗಳು ಜೀವಂತ ಮಾಂಸವನ್ನಷ್ಟೇ ತಿನ್ನುತ್ತವೆ. ಸತ್ತ ಮಾಂಸದಲ್ಲಿ ಅವು ಬೆಳೆಯುವುದಿಲ್ಲ. ಈ ನೊಣದ ಹೊಟ್ಟೆಯಲ್ಲಿ ಮಾಳಿಂಗರಾಯನ ರಕ್ತವಿತ್ತು.

ಯಂತ್ರಕ್ಕೆ ಇದು ಏಕೆ ಗೊತ್ತಾಗಲಿಲ್ಲ ಎಂಬುದೂ ಹೊಳೆಯಿತು. ಶವನೊಣಗಳ ಪಟ್ಟಿ ಮಾಡಿದವರು ಊರಿನ ಸತ್ತ ದನಗಳನ್ನು ಎಸೆಯುವ ಬಯಲಿನಲ್ಲಿ ನೊಣ ಹಿಡಿದು, ಅವುಗಳ ಚಿತ್ರಗಳಿಂದಲೇ ಯಂತ್ರಕ್ಕೆ ಕಲಿಸಿದ್ದರು. ಹೆಣದ ಹತ್ತಿರ ಬಾರದ ನೊಣ ಆ ಬಯಲಿನಲ್ಲಿ ಸಿಗುವುದು ಹೇಗೆ? ಕಲಿಸದೆ ಬಿಟ್ಟದ್ದನ್ನು ಯಂತ್ರ ತನಗೆ ಗೊತ್ತಿರುವುದರ ಪಕ್ಕಕ್ಕೆ ಸೇರಿಸಿತು. ಇಪ್ಪತ್ಮೂರನೇ ಕಂಬದ ಬುಡದಲ್ಲಿ ಕುರಿಗಳು ನೀರು ಕುಡಿಯುವ ತೊಟ್ಟಿ ಇದೆ. ಕುರಿಗಳ ಗಾಯ ಹುಡುಕುತ್ತ ಬಂದ ನೊಣ ಅಕಸ್ಮಾತ್ತಾಗಿ ಕೊಳವೆಯ ಗಾಳಿಗೆ ಸಿಕ್ಕಿರಬೇಕು.

ಆ ಪಟ್ಟಿಯನ್ನು ಪರಿಶೀಲಿಸಬೇಕಾದವಳು ನಾನು. ಅದು ನನ್ನ ಕೈಗೆ ಬಂದದ್ದು ಆಸ್ಪತ್ರೆಯಲ್ಲಿ, ಶಂಭುವಿನ ಜ್ವರದ ಒಂಬತ್ತನೇ ದಿನ. ವಾರ್ಡಿನ ಹೊರಗೆ ಬೆಂಚಿನ ಮೇಲಿಟ್ಟು ಕೊನೆಯ ಪುಟಕ್ಕೆ ಸಹಿ ಹಾಕಿ ಕಳಿಸಿದೆ. ಒಂದು ಪುಟವನ್ನೂ ತಿರುವಿರಲಿಲ್ಲ.

ಹುಯಿಲಗೋಳ ಸರ್ ನಮ್ಮ ಕೇಂದ್ರದ ಮುಖ್ಯಸ್ಥರು. ಅವರು ಬರುವಷ್ಟರಲ್ಲಿ ನಾನು ನಿಯಂತ್ರಣ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಗೋಡೆಯ ತುಂಬ ತಾಲೂಕಿನ ನಕ್ಷೆ, ಕಂಬಕ್ಕೊಂದು ದೀಪ. ಅವರು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಬಿಳಿ ಹೌದು," ಎಂದರು. "ಆದ್ರ ನೀಲಾಂಬಿಕಾ, ಹುಳ ಜೀವಂತ ಮಾಂಸದಾಗ ಬೆಳೀತಾವ ಅಂದ್ರ, ದೊಡ್ಡ ನೊಣ ಹೆಣದ ಮ್ಯಾಲ ಒಂದ ಸಲಾನೂ ಕುಂದರೂದಿಲ್ಲ ಅಂತ ನೀವು ಬರಕೊಡತೀರೇನು?"

"ಅಪರೂಪಕ್ಕ ಕುಂದರಬಹುದು, ಸರ್."

"ಬಹುದು. ಆ 'ಬಹುದು' ಹಿಡಕೊಂಡು ಸೂಚನಾ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ. ಮ್ಯಾಲಿನವರಿಗೆ ಬರೀಬೇಕು, ಸೋಮವಾರ ಅಕ್ಕೈತಿ. ಮತ್ತ ಇದು ಒಂದು ಕಾಗದದ ಮಾತಲ್ಲ. ನಾಕನೂರಾ ಹನ್ನೆರಡು ಕಾಗದ ಕೊಟ್ಟೀವಿ."

"ಸೋಮವಾರಕ್ಕ ಅವ ಇರಂಗಿಲ್ಲ, ಸರ್. ಹುಳ ಬಿದ್ದ ಗಾಯ."

"ಈಗ ಇದ್ದಾನು ಅಂತ ಹ್ಯಾಂಗ ಅಂತೀರಿ? ಬದುಕಿದ್ದವರ ಮ್ಯಾಲಷ್ಟ ಕುಂದರೂದು ಏನರ ತೋರಸ್ರಿ ನನಗ. ಈಗ ಠಾಣೆಗೆ ಫೋನ್ ಮಾಡತೀನಿ."

ಅವರು ವ್ಯಂಗ್ಯವಾಗಿ ಹೇಳಲಿಲ್ಲ. ದಾರಿ ಕಾಣದೆ ಹೇಳಿದರು. ಆದರೆ ಬದುಕಿದವರ ರಕ್ತವನ್ನಷ್ಟೇ ಕುಡಿಯುವುದು ಯಾವುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಂಬಗಳಿಗೆ ಸೊಳ್ಳೆಗಳೂ ಬೀಳುತ್ತವೆ. ಸೊಳ್ಳೆ ಬೇರೆ ಇಲಾಖೆಯ ವಿಷಯ. ಆದ್ದರಿಂದ ನಾವು ಅವನ್ನು ಓದದೆ ಒಂದು ಚೀಲಕ್ಕೆ ಸುರಿದು ವಾರಕ್ಕೊಮ್ಮೆ ಸುಡುತ್ತಿದ್ದೆವು. ಇಪ್ಪತ್ಮೂರನೇ ಕಂಬದಿಂದ ಅಂದು ಬೆಳಗಿನ ಜಾವ ತಂದ ಚೀಲ ಹಿಂದಿನ ವರಾಂಡದಲ್ಲಿತ್ತು. ಬಿಳಿ ತಟ್ಟೆಯ ಮೇಲೆ ಸುರಿದು ಹೊಟ್ಟೆ ಕೆಂಪಾಗಿರುವವನ್ನು ಆರಿಸಿದೆ. ಮೂವತ್ತೆಂಟು ಸಿಕ್ಕವು. ಶಂಭು ಹೋದ ಮೇಲೆ ನಾನು ಸೊಳ್ಳೆಯನ್ನು ಕಣ್ಣೆತ್ತಿ ನೋಡಿರಲಿಲ್ಲ. ಕಾಲು ಬಹಳ ತೆಳು. ಇಕ್ಕಳದಲ್ಲಿ ಹಿಡಿದರೆ ಮುರಿದು ಹೋಗುತ್ತದೆ.

ಯಂತ್ರಕ್ಕೆ ಹಾಕಿದಾಗ ಹತ್ತು ಗಂಟೆ. ಉತ್ತರ ಬರಲು ಮೂರು ತಾಸು. ಕಿಟಕಿಯಲ್ಲಿ ಯಾರೋ ಹೇಳುತ್ತಿದ್ದರು: ಕುರಿಗಾರರ ಓಣಿಯಲ್ಲಿ ಮಧ್ಯಾಹ್ನ ಮಾಳಿಂಗರಾಯನ ಕಂಬಳಿ ಮಣ್ಣು ಮಾಡುತ್ತಾರಂತೆ.

"ಉತ್ತರ ಬರೂ ತನಕ ಹೋಗಬ್ಯಾಡ್ರಿ," ಎಂದರು ಹುಯಿಲಗೋಳ ಸರ್. "ಇಲ್ಲದ ಆಸೆ ಹುಟ್ಟಸೂದು ಒಳ್ಳೇದಲ್ಲ."

ಅದು ನನಗೂ ಗೊತ್ತಿತ್ತು. ಹತ್ತನೇ ದಿನ ಒಬ್ಬ ಡಾಕ್ಟರು ಶಂಭುವಿನ ರಕ್ತದ ಎಣಿಕೆ ಏರಿದೆ ಎಂದಿದ್ದರು. ಅಂದು ನಾನು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಅವನಿಗೆ ಇಷ್ಟದ ಸೀರೆಯುಟ್ಟು ಬಂದಿದ್ದೆ.

ಸ್ಕೂಟರಿನ ಕೀಲಿ ಎತ್ತಿಕೊಂಡೆ.

ಓಣಿಯ ತುದಿಯಲ್ಲಿ, ಬೇವಿನ ಗಿಡದ ಕೆಳಗೆ, ಮೊಣಕಾಲುದ್ದ ಕುಣಿ ತೆಗೆದಿದ್ದರು. ಪಕ್ಕದಲ್ಲಿ ಕರಿ ಕಂಬಳಿ, ಅದರ ಮೇಲೆ ನಾನು ಸಹಿ ಮಾಡಿದ ಕಾಗದ. ಹೆಂಗಸರ ನಡುವೆ ಭೌರವ್ವ. ಬಳೆಗಳು ಇನ್ನೂ ಕೈಯಲ್ಲಿದ್ದವು, ಒಡೆಯಲು ಕಲ್ಲು ತಂದಿಟ್ಟಿದ್ದರು.

"ಸ್ವಲ್ಪ ನಿಲ್ಲಸ್ರಿ," ಎಂದೆ. "ನನ್ನ ಕಾಗದ ತಪ್ಪಿರಬಹುದು. ಮಧ್ಯಾಹ್ನ ಒಂದರ ತನಕ ನಿಲ್ಲಸ್ರಿ."

ಭೌರವ್ವ ಎದ್ದು ಬಂದಳು. ನನ್ನ ಬರಿ ಹಣೆಯನ್ನು, ಬರಿ ಕೈಯನ್ನು ನೋಡಿದಳು.

"ನಿನ್ನೆ ನೀನ ಹೇಳಿದಿ ಸತ್ತಾನ ಅಂತ. ಇವತ್ತ ನೀನ ಬಂದು ಇಲ್ಲ ಅಂತಿ. ನಿನ್ನ ಹಣಿ ಬರಿದಾತು ಅಂತ ನನ್ನ ಜೋಡಿ ಆಟ ಆಡಾಕ ಬಂದಿಯೇನು?"

"ಇಲ್ಲ," ಎಂದೆ.

ಲಾಯವ್ವ ಸೊಸೆಯ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದಳು. ನಾನು ಗಾಜಿನ ನಳಿಕೆಯಲ್ಲಿ ತಂದಿದ್ದ ನೊಣವನ್ನು ಅವಳ ಅಂಗೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು ನೋಡಿದಳು.

"ಹೊಳಿಯೂ ನೊಣ ಎಲ್ಲಾ ಹಿಂಗ ಇರತಾವ. ಇದರ ಗುಣಾ ಹೇಳು."

"ಬದುಕಿದ್ದರ ಗಾಯಕ್ಕ ಅಷ್ಟ ತತ್ತಿ ಇಡತೈತಿ. ಗಾಯದ ಅಂಚಿಗೆ, ಒತ್ತೊತ್ತಿ, ಸಾಲಾಗಿ."

"ಹಂಚು ಹೊದಿಸಿದಂಗ?"

"ಹೌದು."

"ಹುಳ ಬೀಳಸೂ ನೊಣ!" ಲಾಯವ್ವನ ದನಿ ಏರಿತು. "ಮೂರು ದಿನದ ಮರಿ ಹೊಕ್ಕಳಕ್ಕ ಇಡತೈತಿ, ಉಣ್ಣೆ ಕತ್ತರಸುವಾಗ ಕೊಯ್ದಲ್ಲಿ ಇಡತೈತಿ. ಸತ್ತ ಕುರಿ ಬಿದ್ದಿರಲಿ, ಅದರ ತತ್ತಿ ಬ್ಯಾರೆ, ಚೆಲ್ಲಾಪಿಲ್ಲಿ. ಇದನ್ನ ನಿನ್ನೆ ತೋರಸು ಅಂದ್ರ ಕಿಟಕಿ ಮುಚ್ಚಿದ್ಯಲ್ಲ ತಾಯಿ!"

"ಹೌದ್ರಿ. ಮುಚ್ಚಿದೆ."

"ಓದಿದಾಕಿ ನೀನು. ಕುರಿ ಕಾಯೂ ನನಗ ಗೊತ್ತಿದ್ದದ್ದು ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು. ನೋಡಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ತಿರುಗಿ ಗಂಡಸರಿಗೆ, "ಏ, ಸಲಿಕಿ ಕೆಳಗ ಇಡ್ರಿ. ಹಗ್ಗ ತರ್ರಿ," ಎಂದಳು.

ಆದರೆ ಎಪ್ಪತ್ತು ಗಣಿ. ಯಾವುದಕ್ಕೆ ಇಳಿಯುವುದು? ನೊಣ ನಾಲ್ಕೈದು ಮೈಲಿ ಹಾರಬಲ್ಲದು. ಗಂಡಸರು ಅತ್ತ ಇತ್ತ ಕೈ ತೋರಿಸಿ ವಾದಿಸತೊಡಗಿದರು. ನಾನು ಫೋನ್ ಹಿಡಿದುಕೊಂಡು ಬೇವಿನ ಗಿಡ ಸುತ್ತಿದೆ. ಭೌರವ್ವ ಕುಣಿಯ ಅಂಚಿಗೆ ಕುಳಿತು ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿ ಕೆಳಗೆ ಬಿಡುತ್ತಿದ್ದಳು. ಒಂದಕ್ಕೆ ಹತ್ತು ನಿಮಿಷ ಇರುವಾಗ ಹುಯಿಲಗೋಳ ಸರ್ ಫೋನ್ ಮಾಡಿದರು. ಅವರ ಉಸಿರು ಕೇಳುತ್ತಿತ್ತು.

"ಮೂವತ್ತೆಂಟರಾಗ ಒಂದು. ಅವನದ ರಕ್ತ. ನಿನ್ನೆ ಸಂಜಿ ಆರರ ಸುಮಾರಿಗೆ ಕುಡದದ್ದು."

ನಾನು ಸಹಿ ಮಾಡಿ ಏಳು ತಾಸಾದ ಮೇಲೆ ಒಂದು ಸೊಳ್ಳೆ ಅವನನ್ನು ಕಡಿದಿತ್ತು.

"ಮತ್ತೊಂದು ಐತಿ," ಎಂದರು ಅವರು. "ಅದ ಸೊಳ್ಳಿ ಹೊಟ್ಟ್ಯಾಗ ಪಾರಿವಾಳದ ರಕ್ತಾನೂ ಐತಿ. ಠಾಣೆಗೆ ಹೇಳೀನಿ, ಆಂಬುಲೆನ್ಸ್ ಹೊಂಟೈತಿ. ಎಲ್ಲಿಗೆ ಅಂತ ಹೇಳ್ರಿ."

ನಾನು ಫೋನ್ ಕಿವಿಯಿಂದ ತೆಗೆಯದೆ ಕೇಳಿದೆ: "ಪಾರಿವಾಳ ಯಾವ ಗಣ್ಯಾಗ ಇರತಾವ?"

"ಸೀಳುಬಂಡಿ ಗಣಿ," ಎಂದಳು ಲಾಯವ್ವ, ಯೋಚಿಸದೆ. "ಕಾಡು ಪಾರಿವಾಳ ಗೂಡು ಕಟ್ಟೂದು ಅದೊಂದರಾಗ. ಅಲ್ಲಿ ಮೇವಿಲ್ಲ, ಕುರಿ ಹೋಗೂದಿಲ್ಲ. ಅದಕ್ಕ ಯಾರೂ ನೋಡಿಲ್ಲ." ಮರುಕ್ಷಣ ಅವಳ ಮುಖ ಕೆಂಪಾಯಿತು. "ಪಾರಿವಾಳದ ಮರಿ ಹಿಡಿಯಾಕ ಇಳದಾನ ಹಾಟ್ಯಾನ ಮಗ! ನಲವತ್ತು ವರ್ಷ ಆತು, ಇನ್ನೂ ಮರಿ ಹಿಡೀತಾನ!"

ಗಣಿಯ ಬಾಯಿಗೆ ಜಾಲಿ ಕವಿದಿತ್ತು. ನಾವು ಕೂಗಿದೆವು. ಪಾರಿವಾಳಗಳು ಒಟ್ಟಿಗೆ ಎದ್ದವು. ರೆಕ್ಕೆಗಳ ಸದ್ದು ಅಡಗಿದ ಮೇಲೆ ಕೆಳಗಿನಿಂದ ಏನೋ ಕೇಳಿತು. ಮಾತಲ್ಲ, ಕಲ್ಲಿನಿಂದ ಕಲ್ಲಿಗೆ ಬಡಿದ ಸದ್ದು. ಎರಡು ಸಲ.

ಇಬ್ಬರು ಹಗ್ಗ ಹಿಡಿದು ಇಳಿದರು. ಮೂರನೆಯವಳಾಗಿ, ಬೇಡವೆಂದರೂ ಕೇಳದೆ, ಲಾಯವ್ವ ಇಳಿದಳು. ನಾನು ಅಂಚಿನಲ್ಲಿ ಬೋರಲಾಗಿ ಮಲಗಿ ಬಗ್ಗಿ ನೋಡಿದೆ. ಮಾಳಿಂಗರಾಯ ಗಣಿಯ ತಳದ ಮಡುವಿನ ಪಕ್ಕ ಬಿದ್ದಿದ್ದ. ಎಡಗಾಲು ಮುರಿದು ಮೂಳೆ ಹೊರಬಂದಿತ್ತು. ಆ ನೀರನ್ನೇ ಕುಡಿದು ನಾಲ್ಕು ದಿನ ಕಳೆದಿದ್ದ. ಲಾಯವ್ವ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕುರಿಗೆ ಮಾಡುವಂತೆ, ಎರಡು ಬೆರಳಲ್ಲಿ ಹುಳುಗಳನ್ನು ಕಿತ್ತು ಹಾಕುತ್ತಿದ್ದಳು. ಅವನು ಒದರುತ್ತಿದ್ದ. ಆ ಒದರುವಿಕೆ ಕೇಳಿ ಮೇಲಿದ್ದ ಹೆಂಗಸರೆಲ್ಲ ಅತ್ತರು.

ಹೂಳಲೆಂದು ತೆಗೆದಿಟ್ಟಿದ್ದ ಕಂಬಳಿಯಲ್ಲೇ ಅವನನ್ನು ಕಟ್ಟಿ ಮೇಲೆಳೆದರು. ಭೌರವ್ವ ಅವನ ಹತ್ತಿರ ಹೋಗಿ, ಮುಖ ನೋಡಿ, ಕಪಾಳಕ್ಕೆ ಒಂದು ಬಿಟ್ಟಳು. ಆಮೇಲೆ ಅದೇ ಕೈಯಿಂದ ಅವನ ಬಾಯಿಗೆ ನೀರು ಹಾಕಿದಳು.

"ಕುರಿ ಮನಿ ಮುಟ್ಟಿದುವೇನು?" ಎಂದು ಕೇಳಿದ ಅವನು.

"ನಿನಕಿಂತ ಶ್ಯಾಣ್ಯಾ ಅವು," ಎಂದಳು ಲಾಯವ್ವ.

ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು. ಒಂದು ದಿನ ಮೊದಲು ಬಂದಿದ್ದರೆ ಉಳಿಯುತ್ತಿತ್ತು ಎಂದು ಆಸ್ಪತ್ರೆಯ ಡಾಕ್ಟರು ಸುಮ್ಮನೆ ಮಾತಿಗೆ ಹೇಳಿದರು. ಆ ಒಂದು ದಿನ ಯಾರದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಎಂದಿನಂತೆ "ಇವತ್ತು ಯಾರು?" ಎಂದರು. ನಾನು ಎಲ್ಲವನ್ನೂ ಹೇಳಿದೆ. ಪಟ್ಟಿಯನ್ನು ಓದದೆ ಸಹಿ ಮಾಡಿದ್ದನ್ನೂ, ಯಾವ ದಿನ, ಎಲ್ಲಿ ಕುಳಿತು ಎಂಬುದನ್ನೂ ಹೇಳಿದೆ. ಅವರು ಒಲೆಯ ಉರಿ ಸಣ್ಣ ಮಾಡಿದರು.

"ಅವತ್ತ ನೀ ಓದಿ ಸಹಿ ಮಾಡಿದ್ರ ಶಂಭು ಉಳೀತಿದ್ನೇನು?"

"ಇಲ್ರಿ."

"ಆ ಕುರಿಗಾರನ ಕಾಲು?"

"ಉಳೀತಿತ್ತು."

"ಹಂಗಾದ್ರ ಎರಡೂ ಬ್ಯಾರೆ ಬ್ಯಾರೆ. ಕೂಡಸಬ್ಯಾಡ. ಒಂದಕ್ಕ ಅಳು, ಇನ್ನೊಂದಕ್ಕ ಕೆಲಸ ಮಾಡು."

ಸುದ್ದಿ ಎರಡು ದಿನದಲ್ಲಿ ತಾಲೂಕೆಲ್ಲ ಮುಟ್ಟಿತು. ಸೋಮವಾರ ಕೇಂದ್ರದ ಗೇಟಿನಿಂದ ಬಸ್ ನಿಲ್ದಾಣದವರೆಗೆ ಸಾಲು. ಎಲ್ಲರ ಕೈಯಲ್ಲೂ ನೊಣದ ಕಾಗದ. ಕೆಲವು ಮಣ್ಣು ಮೆತ್ತಿಕೊಂಡಿದ್ದವು. ಕುಣಿ ಅಗೆದು ತೆಗೆದು ತಂದಿದ್ದರು. ಹುಯಿಲಗೋಳ ಸರ್ ಯಂತ್ರ ನಿಲ್ಲಿಸಿ, ಮೇಲಿನವರಿಗೆ ಪತ್ರ ಬರೆಯಲು ಕುಳಿತಿದ್ದರು. ಬಂದವರನ್ನು ಏನು ಮಾಡುವುದೆಂದು ಕೇಳಿದಾಗ ಅವರು ತಲೆ ಎತ್ತಲಿಲ್ಲ. "ತೋರಸ್ರಿ," ಎಂದರು.

ಸೂಕ್ಷ್ಮದರ್ಶಕವನ್ನು ಕಿಟಕಿಯ ಹತ್ತಿರ ತಂದಿಟ್ಟೆ.

ಸಾಲಿನ ಮೊದಲಿಗೆ ಒಬ್ಬ ಮುದುಕ. ಹೆಸರು ದ್ಯಾವಪ್ಪ. ಒಂದು ವರ್ಷ ನಾಲ್ಕು ತಿಂಗಳ ಹಿಂದಿನ ಕಾಗದ, ಮಗಳದ್ದು. ಕಪಾಟಿನಿಂದ ಡಬ್ಬಿ ಹುಡುಕಿ ತಂದು ನೊಣವನ್ನು ಗಾಜಿನ ಮೇಲಿಟ್ಟೆ. ಅವನೂ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದ. ಏನು ಕಂಡಿತೋ.

"ಆರು ದಿನ ಹುಡುಕಿದೆ," ಎಂದ. "ಹೊಳಿ ದಂಡಿಗುಂಟ ಹೋದೆ, ಕಬ್ಬಿನಾಗ ಹೋದೆ. ಈ ಕಾಗದ ಬಂತು. ಮನಿಗೆ ಬಂದು ಉಂಡೆ. ಆರು ದಿನದ ಮ್ಯಾಲ ಅವತ್ತ ಹೊಟ್ಟಿ ತುಂಬ ಉಂಡೆ. ನಾ ಉಣ್ಣೂ ಹೊತ್ತಿನಾಗ ಅಕಿ ಇದ್ಲೇನು, ಇದ್ದಿದ್ದಿಲ್ಲೇನು? ಅದಷ್ಟ ಹೇಳ್ರಿ."

ನೋಡಿದೆ. ಪೊರೆ ಕಂದು. ಡಬ್ಬಿ ತಿರುಗಿಸಿ, ಬೆಳಕು ಬದಲಿಸಿ, ಇನ್ನೊಮ್ಮೆ ನೋಡಿದೆ. ಕಂದೇ. ಹೆಣಕ್ಕೆ ಬರುವ ನೊಣ. ಇದ್ದಿದ್ದಿಲ್ಲ ಎಂದುಬಿಡಬಹುದಿತ್ತು. ಅವನು ಕಾಯುತ್ತಿದ್ದುದೂ ಅದನ್ನೇ. ಆದರೆ ಶವನೊಣವೂ ಒಮ್ಮೊಮ್ಮೆ ಬದುಕಿದವರ ಗಾಯದ ಮೇಲೆ ಕೂರುತ್ತದೆ. ಅವಳ ದಿನಗಳ ಸೊಳ್ಳೆಗಳನ್ನು ನಾವು ಎಂದೋ ಸುಟ್ಟಿದ್ದೆವು.

"ಇದು ಹೆಣಕ್ಕ ಬರೂ ನೊಣ ರೀ," ಎಂದೆ. "ಆದ್ರ ನೂರಕ್ಕ ನೂರು ಅಂತ ಹೇಳಾಕ ಬರಂಗಿಲ್ಲ."

"ನೂರಕ್ಕ ಎಷ್ಟರಿ?"

"ತೊಂಬತ್ತು. ಇದ್ದಿದ್ದಿಲ್ಲ ಅಂತ."

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

"ಆಗಲಿ," ಎಂದ. "ತೊಂಬತ್ತು ನೀವು ಬರಕೋರಿ. ಆ ಹತ್ತು ನನ್ನ ಕಡೆ ಇರಲಿ."